ಕಟ್ಟುವವರ ಹಕ್ಕು: ಮಂಡಳಿಯ ಸಹಾಯಧನ ಬೇರೆ, ಮಾಲೀಕನ ಪರಿಹಾರ ಬೇರೆ

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ವೇತನ, ಕೈಗಾರಿಕಾ ಬಾಂಧವ್ಯ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ ಎಂಬ ನಾಲ್ಕು ಹೆಸರುಗಳ ಅಡಿಯಲ್ಲಿ 29 ಹಳೆಯ ಕಾಯ್ದೆಗಳು ಅಡಕಗೊಂಡವು. ಅಂದಿನಿಂದ ಪತ್ರಿಕೆಗಳಲ್ಲಿ ನಡೆಯುತ್ತಿರುವ ಚರ್ಚೆ ಬಹುಪಾಲು ಕಾರ್ಖಾನೆಗೆ ಸಂಬಂಧಿಸಿದ್ದು. ಮುಷ್ಕರಕ್ಕೆ ಎಷ್ಟು ದಿನ ಮೊದಲು ನೋಟಿಸು ಕೊಡಬೇಕು, ಎಷ್ಟು ಜನರಿರುವ ಕಾರ್ಖಾನೆ ಅನುಮತಿಯಿಲ್ಲದೆ ಬಾಗಿಲು ಮುಚ್ಚಬಹುದು ಎಂಬ ಪ್ರಶ್ನೆಗಳು ಅಲ್ಲಿ ಪ್ರಧಾನವಾಗಿವೆ. ಅವು ದೊಡ್ಡ ಪ್ರಶ್ನೆಗಳೇ ಸರಿ. ಆದರೆ ನಮ್ಮ ಸೀಮೆಯ ಭಕ್ತರಲ್ಲಿ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವವರು ಎಷ್ಟು ಮಂದಿ? ಗೌಂಡಿಗಳು, ಗಾರೆ ಕಲಸುವವರು, ಸೆಂಟ್ರಿಂಗ್ ಕಟ್ಟುವವರು, ಕಬ್ಬಿಣ ಬಾಗಿಸುವವರು, ಬಣ್ಣ ಬಳಿಯುವವರು, ತಲೆಯ ಮೇಲೆ ಇಟ್ಟಿಗೆ ಹೊರುವ ಹೆಣ್ಣುಮಕ್ಕಳು, ಇವರೇ ಹೆಚ್ಚು. ಇವರ ಬದುಕನ್ನು ಮುಟ್ಟುವ ಎರಡು ಸಂಗತಿಗಳು ಆ ಚರ್ಚೆಯಲ್ಲಿ ಕಾಣಿಸುತ್ತಲೇ ಇಲ್ಲವಾದ್ದರಿಂದ ಈ ಬರಹ.

ಒಂದು, ಕಾರ್ಮಿಕ ಕಲ್ಯಾಣ ಮಂಡಳಿಯ ಕಾರ್ಡು. ಇನ್ನೊಂದು, ಕೆಲಸದ ಸ್ಥಳದಲ್ಲಿ ಅಪಘಾತವಾದಾಗ ಬರಬೇಕಾದ ಪರಿಹಾರ. ಇವೆರಡೂ ಒಂದೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೆ ತಿಳಿದುದರಿಂದಲೇ ಎಷ್ಟೋ ಕುಟುಂಬಗಳು ತಮಗೆ ಸಲ್ಲಬೇಕಾದುದರ ಬಹುಭಾಗವನ್ನು ಕಳೆದುಕೊಳ್ಳುತ್ತಿವೆ.

ಮೊದಲು ಕಾರ್ಡಿನ ವಿಷಯ. 1996ರಲ್ಲಿ ಸಂಸತ್ತು ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರಿಗಾಗಿ ಎರಡು ಕಾಯ್ದೆಗಳನ್ನು ಮಾಡಿತು. ಒಂದು ಕಾಯ್ದೆ ಕಲ್ಯಾಣ ಮಂಡಳಿಯನ್ನು ಹುಟ್ಟಿಸಿತು. ಇನ್ನೊಂದು ಅದಕ್ಕೆ ಹಣದ ಮೂಲವನ್ನು ತೋರಿಸಿತು. ಕಟ್ಟಡದ ನಿರ್ಮಾಣ ವೆಚ್ಚದ ಶೇಕಡ 1ರಷ್ಟನ್ನು ಕಟ್ಟಿಸುವವರು ಸುಂಕವಾಗಿ ತೆರಬೇಕು. ಒಂದು ಕೋಟಿ ರೂಪಾಯಿಯ ಕಟ್ಟಡವಾದರೆ ಒಂದು ಲಕ್ಷ. ಸರ್ಕಾರಿ ಕಾಮಗಾರಿಯಾದರೆ ಗುತ್ತಿಗೆದಾರರ ಬಿಲ್ಲಿನಲ್ಲಿಯೇ ಅದನ್ನು ಮುರಿದುಕೊಳ್ಳುತ್ತಾರೆ. ಕರ್ನಾಟಕದಲ್ಲಿ ನಿಯಮಗಳು ಬಂದುದು 2006ರಲ್ಲಿ, ಮಂಡಳಿ ರಚನೆಯಾದುದು 2007ರಲ್ಲಿ. ಅಂದರೆ ಕಾಯ್ದೆ ಹುಟ್ಟಿ ಹತ್ತು ವರ್ಷಗಳ ನಂತರ. ಇತರ ಹಲವು ರಾಜ್ಯಗಳು ಇದಕ್ಕಿಂತ ಮುಂದಿದ್ದವೇನೂ ಅಲ್ಲ. ಈ ಕಾಯ್ದೆಗಳ ಜಾರಿಗಾಗಿ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2018ರ ಮಾರ್ಚ್‌ನಲ್ಲಿ ತೀರ್ಪು ನೀಡಿತು. ದೇಶದಾದ್ಯಂತ ಸಂಗ್ರಹವಾಗಿದ್ದ ಸುಂಕ 37,400 ಕೋಟಿ ರೂಪಾಯಿಗೂ ಹೆಚ್ಚು, ಕಾರ್ಮಿಕರಿಗಾಗಿ ವೆಚ್ಚವಾದುದು ಸುಮಾರು 9,500 ಕೋಟಿ ಮಾತ್ರ ಎಂಬ ಲೆಕ್ಕ ಆ ತೀರ್ಪಿನಲ್ಲಿದೆ. ಹಣವಿರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಈ ಹಣ ಸರ್ಕಾರದ ಬೊಕ್ಕಸದ ದಾನವಲ್ಲ ಎಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ. ಮಂಡಳಿಯಿಂದ ಮಗಳ ಮದುವೆಗೆ 60,000 ರೂಪಾಯಿ ಪಡೆದ ತಂದೆಗೆ ಯಾರೋ ಉಪಕಾರ ಮಾಡಿದರೆಂಬ ಸಂಕೋಚ ಬೇಕಿಲ್ಲ. ಅವನು ಕಟ್ಟಿದ ಗೋಡೆಯ ಲೆಕ್ಕದಲ್ಲಿಯೇ ತೆಗೆದಿರಿಸಿದ ಪಾಲು ಅದು. ಶರಣರ ಮಾತಿನಲ್ಲಿ ಹೇಳುವುದಾದರೆ ಅದು ದಾಸೋಹದ ಪ್ರಸಾದವಲ್ಲ, ಕಾಯಕದ ಗಳಿಕೆ. ವೇದಿಕೆಯ ಮೇಲೆ ಕಾರ್ಮಿಕರನ್ನು ಸಾಲಾಗಿ ನಿಲ್ಲಿಸಿ, ಪೆಟ್ಟಿಗೆಗಳ ಮೇಲೆ ಭಾವಚಿತ್ರ ಅಂಟಿಸಿ ಕಿಟ್ ಹಂಚುವ ಸಮಾರಂಭಗಳು ಈ ವ್ಯತ್ಯಾಸವನ್ನು ಜನಮನದಿಂದ ಅಳಿಸಿಹಾಕಿವೆ. ಯಾವ ಪಕ್ಷದ ಸರ್ಕಾರವಿದ್ದರೂ ಈ ಪದ್ಧತಿ ಬದಲಾದುದನ್ನು ನಾವು ಕಾಣೆವು.

ಕಾರ್ಡಿಗೆ ಇಂದಿರುವ ಬೆಲೆ ಮೊದಲು ಇರಲಿಲ್ಲ. 2020ರ ಲಾಕ್‌ಡೌನಿನ ಕಾಲದಲ್ಲಿ ನೋಂದಾಯಿತ ಕಟ್ಟಡ ಕಾರ್ಮಿಕರ ಖಾತೆಗೆ ರಾಜ್ಯವು ಒಟ್ಟು 5,000 ರೂಪಾಯಿ ಜಮಾ ಮಾಡಿದಾಗ, ಕಾರ್ಡು ಇದ್ದವರಿಗೂ ಇಲ್ಲದವರಿಗೂ ಇರುವ ಅಂತರ ಮೊದಲ ಬಾರಿಗೆ ಹಳ್ಳಿ ಹಳ್ಳಿಗೂ ತಿಳಿಯಿತು. ಮಕ್ಕಳ ಶೈಕ್ಷಣಿಕ ಸಹಾಯಧನವಂತೂ ಇನ್ನೂ ದೊಡ್ಡ ಆಕರ್ಷಣೆಯಾಯಿತು. ಅಲ್ಲಿಂದ ಮುಂದೆ ಕರಣೆ ಹಿಡಿಯದವರೂ ಕಾರ್ಡು ಹಿಡಿದರು. ಅಂಗಡಿಯವರು, ಜಮೀನುದಾರರು, ಆಟೊ ಓಡಿಸುವವರು ಸಹ ಮಧ್ಯವರ್ತಿಗಳಿಗೆ ಹಣ ತೆತ್ತು ಗೌಂಡಿಗಳಾದರು. ಅದನ್ನು ಸರಿಪಡಿಸಲು ಕಾರ್ಮಿಕ ಇಲಾಖೆ ಈಚಿನ ವರ್ಷಗಳಲ್ಲಿ ಬೋಗಸ್ ಕಾರ್ಡುಗಳನ್ನು ಹುಡುಕಿ ರದ್ದುಗೊಳಿಸುತ್ತಿದೆ. ಈ ಕೆಲಸವನ್ನು ನಾವು ಸ್ವಾಗತಿಸುತ್ತೇವೆ. ನಿಜವಾದ ಕಾರ್ಮಿಕನ ಅನ್ನವನ್ನು ಬೇರೊಬ್ಬನು ಉಣ್ಣುವುದನ್ನು ಯಾವ ನ್ಯಾಯವೂ ಒಪ್ಪದು.

ಆದರೆ ಜರಡಿ ಹಿಡಿಯುವ ಬಗೆಯ ಕುರಿತು ನಮ್ಮ ಆಕ್ಷೇಪವಿದೆ. ಕಾಯ್ದೆಯ ಪ್ರಕಾರ 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿದ ವ್ಯಕ್ತಿ ಫಲಾನುಭವಿಯಾಗಲು ಅರ್ಹ. ಈ 90 ದಿನಗಳಿಗೆ ಸಾಕ್ಷಿ ಏನು? ಮಾಲೀಕ ಅಥವಾ ಗುತ್ತಿಗೆದಾರ ಕೊಡುವ ಉದ್ಯೋಗ ದೃಢೀಕರಣ ಪತ್ರ. ಅದಿಲ್ಲದಿದ್ದರೆ ನೋಂದಾಯಿತ ಕಾರ್ಮಿಕ ಸಂಘ, ಕಾರ್ಮಿಕ ನಿರೀಕ್ಷಕರು, ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಇವರಲ್ಲೊಬ್ಬರ ದೃಢೀಕರಣ. ಈಗ ಸುಳ್ಳು ಕಾಗದ ಮಾಡಿಸಿಕೊಂಡವನ ಸ್ಥಿತಿಯನ್ನೂ ನಿಜ ಕಾರ್ಮಿಕನ ಸ್ಥಿತಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣ. ಹಣ ಕೊಟ್ಟವನ ಬಳಿ ಅಚ್ಚುಕಟ್ಟಾದ ಪತ್ರವಿರುತ್ತದೆ, ಮೊಹರಿರುತ್ತದೆ. ದಿನವೂ ಬೆಳಗ್ಗೆ ಸರ್ಕಲಿನಲ್ಲಿ ನಿಂತು, ಯಾರು ಕರೆದರೆ ಅವರ ಟಂಟಂ ಹತ್ತಿ ಹೋಗುವ ಕೂಲಿಯವನು ತಿಂಗಳಿಗೆ ಹತ್ತು ಮಾಲೀಕರ ಬಳಿ ದುಡಿದಿರುತ್ತಾನೆ. ಅವರಲ್ಲಿ ಒಬ್ಬರ ಪೂರ್ಣ ಹೆಸರೂ ಅವನಿಗೆ ತಿಳಿದಿರದು. ಪತ್ರ ಕೇಳಿದರೆ ಮೇಸ್ತ್ರಿಯು ಗುತ್ತಿಗೆದಾರನ ಕಡೆಗೆ ತೋರಿಸುತ್ತಾನೆ, ಗುತ್ತಿಗೆದಾರನು ಮನೆಯ ಯಜಮಾನನ ಕಡೆಗೆ. ಸಹಿ ಹಾಕಿದರೆ ಸುಂಕ ಕಟ್ಟಬೇಕಾದೀತು, ನಾಳೆ ಏನಾದರೂ ಆದರೆ ತಲೆಯ ಮೇಲೆ ಬಂದೀತು ಎಂಬ ಅಂಜಿಕೆ ಎಲ್ಲರಿಗೂ. ಕಾಗದವನ್ನೇ ಅಳತೆಗೋಲಾಗಿ ಇಟ್ಟುಕೊಂಡ ಜರಡಿಯಲ್ಲಿ ಹೊಟ್ಟು ಉಳಿದು ಕಾಳು ಉದುರುವ ಅಪಾಯವಿದೆ.

ಇದರ ಪೆಟ್ಟು ಅತಿ ಹೆಚ್ಚಾಗಿ ಬೀಳುವುದು ಐವತ್ತೇಳು, ಐವತ್ತೆಂಟರ ವಯಸ್ಸಿನವರ ಮೇಲೆ. 60 ತುಂಬುವುದಕ್ಕೆ ಮುಂಚೆ ನಿರಂತರವಾಗಿ ಮೂರು ವರ್ಷ ಫಲಾನುಭವಿಯಾಗಿದ್ದವರಿಗೆ ಮಾತ್ರ ಮಂಡಳಿಯ ಪಿಂಚಣಿ ಉಂಟು. ಈಚಿನ ದರದಂತೆ ತಿಂಗಳಿಗೆ 3,000 ರೂಪಾಯಿ. 58ನೇ ವಯಸ್ಸಿನಲ್ಲಿ ಕಾರ್ಡು ರದ್ದಾದರೆ ಆ ಸರಪಳಿ ತುಂಡಾಗುತ್ತದೆ. ಮತ್ತೆ ಹೊಸದಾಗಿ ನೋಂದಾಯಿಸಿಕೊಂಡು ಮೂರು ವರ್ಷ ಪೂರೈಸುವಷ್ಟು ಆಯುಸ್ಸು ಆ ಕಾರ್ಡಿಗೆ ಉಳಿದಿರುವುದಿಲ್ಲ.

ಇಲ್ಲಿ ಅನೇಕರಿಗೆ ತಿಳಿಯದ ಒಂದು ರಕ್ಷಣೆಯಿತ್ತು. 1996ರ ಕಾಯ್ದೆಯ 12ನೇ ಕಲಮಿನಂತೆ, ಅರ್ಜಿದಾರನ ಅಹವಾಲು ಕೇಳದೆ ನೋಂದಣಿ ಅರ್ಜಿಯನ್ನು ತಿರಸ್ಕರಿಸುವಂತಿರಲಿಲ್ಲ. ನಿರ್ಣಯದಿಂದ ನೊಂದವನು 30 ದಿನದೊಳಗೆ ಮಂಡಳಿಯ ಕಾರ್ಯದರ್ಶಿಗೆ ಅಥವಾ ಗೊತ್ತುಪಡಿಸಿದ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದಿತ್ತು. ತಕ್ಕ ಕಾರಣವಿದ್ದರೆ ತಡವಾದುದನ್ನೂ ಮನ್ನಿಸಲು ಅವಕಾಶವಿತ್ತು. ಸಂಹಿತೆಯ ಅಡಿಯಲ್ಲಿ ಬರುವ ಹೊಸ ನಿಯಮಗಳಲ್ಲಿ ಈ ರಕ್ಷಣೆ ಇಷ್ಟೇ ಸ್ಪಷ್ಟವಾಗಿ, ಕಾರ್ಡು ರದ್ದತಿಗೂ ಅನ್ವಯಿಸುವಂತೆ ಇರಬೇಕೆಂಬುದು ನಮ್ಮ ಒತ್ತಾಯ. ಕಂಪ್ಯೂಟರ್ ಪರದೆಯ ಮೇಲೆ ತಿರಸ್ಕೃತ ಎಂಬ ಒಂದು ಪದ ಕಂಡ ಕೂಡಲೇ ಹಣೆಬರಹವೆಂದು ಮನೆಗೆ ಮರಳುವವರೇ ನಮ್ಮಲ್ಲಿ ಹೆಚ್ಚು. ಹಾಗೆ ಮರಳಬಾರದು. ಕಾರಣವನ್ನು ಲಿಖಿತವಾಗಿ ಕೇಳಬೇಕು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಪುಟದ ಅರ್ಜಿ ಹಾಕಬೇಕು, 30 ದಿನದಲ್ಲಿ ಉತ್ತರ ಬರಬೇಕಾದುದು ಕಾನೂನು. ಆದ್ದರಿಂದ ಅರ್ಜಿ ಹಾಕಿದಾಗ ದೊರೆಯುವ ಸ್ವೀಕೃತಿ ಸಂಖ್ಯೆಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಸಾಕ್ಷಿಯ ವಿಷಯದಲ್ಲಿ ಕಾರ್ಮಿಕರು ಸ್ವತಃ ಮಾಡಬಹುದಾದುದೂ ಒಂದಿದೆ. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ದಿನಾಂಕ, ಕೆಲಸದ ಊರು, ಮೇಸ್ತ್ರಿಯ ಹೆಸರು, ಪಡೆದ ಕೂಲಿ ಇಷ್ಟನ್ನು ಬರೆದಿಟ್ಟರೆ ಸಾಕು. ಈಗ ಕೂಲಿ ಫೋನ್‌ಪೇ ಮೂಲಕವೂ ಬರುತ್ತದೆ; ಆ ಹಣ ಯಾರಿಂದ ಯಾವ ದಿನ ಬಂತೆಂಬುದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ದಾಖಲಾಗಿರುತ್ತದೆ. ಇವು ದೃಢೀಕರಣ ಪತ್ರಕ್ಕೆ ಸಮವಲ್ಲ. ಆದರೆ ನಿರೀಕ್ಷಕರ ಮುಂದೆ ವಿಚಾರಣೆಗೆ ನಿಂತಾಗ, ಬರಿಗೈಯಲ್ಲಿ ಹೋದವನ ಮಾತಿಗೂ ನೋಟ್‌ಬುಕ್ ಹಿಡಿದು ಹೋದವನ ಮಾತಿಗೂ ವ್ಯತ್ಯಾಸವುಂಟು.

ಆದರೂ ಸಾಕ್ಷಿಯ ಹೊರೆಯನ್ನು ಕೂಲಿಯವನ ಹೆಗಲಿಗೇ ಏಕೆ ಹೊರಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮದೇ ರಾಜ್ಯ 2025ರಲ್ಲಿ ಊಟ ತಲುಪಿಸುವವರು, ಟ್ಯಾಕ್ಸಿ ಓಡಿಸುವವರು ಮೊದಲಾದ ಗಿಗ್ ಕಾರ್ಮಿಕರಿಗಾಗಿ ಕಾಯ್ದೆಯೊಂದನ್ನು ಮಾಡಿತು. ಅಲ್ಲಿ ಕಾರ್ಮಿಕರ ಪಟ್ಟಿಯನ್ನು ಮಂಡಳಿಗೆ ಕೊಡುವ ಹೊಣೆ ಕಂಪನಿಯದು; ಕಂಪನಿ ಕೊಟ್ಟ ಪಟ್ಟಿಯಿಂದ ನೋಂದಣಿ ನಡೆಯುತ್ತದೆ. ಸುಂಕ ಕಟ್ಟುವಾಗಲೇ, ಬಿಲ್ಲು ಪಾಸಾಗುವಾಗಲೇ, ಆ ಕಟ್ಟಡದಲ್ಲಿ ದುಡಿದವರ ಹೆಸರುಗಳ ಪಟ್ಟಿಯನ್ನೂ ಗುತ್ತಿಗೆದಾರನಿಂದ ಕಡ್ಡಾಯವಾಗಿ ಪಡೆಯುವ ಪದ್ಧತಿಯನ್ನು ಗೌಂಡಿಗಳ ವಿಷಯದಲ್ಲಿಯೂ ತರಲು ಅಡ್ಡಿಯೇನು? ಸರ್ಕಾರಿ ಕಾಮಗಾರಿಗಳಲ್ಲಿಯಾದರೂ ನಾಳೆಯಿಂದಲೇ ಇದನ್ನು ಮಾಡಬಹುದು. ಹಾಗಾದಲ್ಲಿ ಬೋಗಸ್ ಕಾರ್ಡುಗಳೂ ತಾವಾಗಿಯೇ ಕಡಿಮೆಯಾಗುವುವು.

ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಪ್ರತಿಯೊಬ್ಬ ಉದ್ಯೋಗಿಗೂ ನೇಮಕಾತಿ ಪತ್ರ ಕೊಡಬೇಕೆನ್ನುತ್ತದೆ. ಕೇಳಲು ಹಿತವಾದ ಮಾತು. ಆದರೆ ಆ ಸಂಹಿತೆ ಸಾಮಾನ್ಯವಾಗಿ ಅನ್ವಯಿಸುವುದು 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ತಾಲ್ಲೂಕು ಊರಿನಲ್ಲಿ ಒಬ್ಬ ಮೇಸ್ತ್ರಿ, ಇಬ್ಬರು ಗೌಂಡಿಗಳು, ನಾಲ್ವರು ಕೂಲಿಯಾಳುಗಳು ಸೇರಿ ಕಟ್ಟುವ ಮನೆಗೆ ಅದು ಎಟುಕುವುದಿಲ್ಲ. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂದಿದೆ. ಸ್ವಂತ ವಾಸಕ್ಕೆ ಕಟ್ಟಿಸುವ ಮನೆಯ ವೆಚ್ಚ 10 ಲಕ್ಷ ರೂಪಾಯಿ ಮೀರದಿದ್ದರೆ ಸುಂಕವಿಲ್ಲ ಎಂದು ಹಿಂದೆ ಇತ್ತು. ಈಗ ಆ ಮಿತಿ 50 ಲಕ್ಷ. ಮಧ್ಯಮ ವರ್ಗದ ಮನೆ ಕಟ್ಟುವವರಿಗೆ ಇದರಿಂದ ಸಮಾಧಾನವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜಿಲ್ಲಾ, ತಾಲ್ಲೂಕು ಕೇಂದ್ರಗಳಲ್ಲಿ ಏಳುವ ಮನೆಗಳಲ್ಲಿ ಹೆಚ್ಚಿನವು ಈ ಮಿತಿಯ ಒಳಗೇ ಬರುತ್ತವೆ. ಸುಂಕ ಬಾರದಿರುವುದು ಒಂದು ಮಾತು. ಇಂತಹ ಮನೆಯ ಕೆಲಸವನ್ನು ನಿರ್ಮಾಣ ಕೆಲಸದ ವ್ಯಾಖ್ಯಾನದಿಂದಲೇ ಹೊರಗಿಟ್ಟಿರುವುದರಿಂದ, ಅಲ್ಲಿ ದುಡಿದ ದಿನಗಳು 90ರ ಲೆಕ್ಕಕ್ಕೆ ಬರುವುದಿಲ್ಲವೆಂದು ನಾಳೆ ಅಧಿಕಾರಿಯೊಬ್ಬರು ವಾದಿಸಲು ಎಡೆಯಿದೆ. ಹಾಗಾದರೆ ಬೆಂಗಳೂರಿನ ಗಗನಚುಂಬಿ ಕಟ್ಟಡದ ಗೌಂಡಿ ಮಾತ್ರ ಗೌಂಡಿ, ನಮ್ಮೂರಿನವನು ಅಲ್ಲ ಎಂದಂತಾಗುತ್ತದೆ. ರಾಜ್ಯದ ನಿಯಮಗಳು ಈ ಸಂದೇಹಕ್ಕೆ ಎಡೆಗೊಡದಂತೆ ಇರಬೇಕು. ಶಾಸಕರು ಈ ಒಂದು ಅಂಶವನ್ನು ಸದನದಲ್ಲಿ ಎತ್ತಿದರೆ ದೊಡ್ಡ ಉಪಕಾರವಾದೀತು.

ಇನ್ನು ಅಪಘಾತದ ಮಾತು. ಮೂರನೆಯ ಅಂತಸ್ತಿನಿಂದ ಬಿದ್ದು ಗೌಂಡಿಯೊಬ್ಬ ತೀರಿಕೊಂಡನೆಂದು ಭಾವಿಸೋಣ. ನಮ್ಮ ಕಡೆ ಸಾಮಾನ್ಯವಾಗಿ ಏನು ನಡೆಯುತ್ತದೆ? ಮಣ್ಣು ಮಾಡುವ ಮೊದಲೇ ಊರ ಹಿರಿಯರು ಕೂಡುತ್ತಾರೆ. ಗುತ್ತಿಗೆದಾರ ಒಂದೋ ಎರಡೋ ಲಕ್ಷ ಕೊಡಲು ಒಪ್ಪುತ್ತಾನೆ. ಇನ್ನು ಮುಂದೆ ಯಾವ ತಕರಾರೂ ಇಲ್ಲವೆಂದು ಛಾಪಾ ಕಾಗದದ ಮೇಲೆ ಬರೆಸಿ, ಅಳುತ್ತಿರುವ ಹೆಂಡತಿಯ ಹೆಬ್ಬೆಟ್ಟು ಒತ್ತಿಸುತ್ತಾರೆ. ಉಳಿದುದಕ್ಕೆ ಮಂಡಳಿಯ ಹಣ ಬರುತ್ತದೆಯಲ್ಲ ಎಂದು ಸಮಾಧಾನ ಹೇಳುತ್ತಾರೆ. ಈ ಹಿರಿಯರ ಮನಸ್ಸು ಕೆಟ್ಟದೆಂದು ನಾವು ಹೇಳುವುದಿಲ್ಲ. ಕೋರ್ಟು ಕಚೇರಿ ಅಲೆಯುವುದು ಬೇಡವೆಂಬ ಕಾಳಜಿಯೂ ಅದರಲ್ಲಿದೆ. ಆದರೆ ಅವರು ಮಾಡಿಸುವ ಆ ಪತ್ರಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ.

ಲೆಕ್ಕ ಹೀಗಿದೆ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದಂತೆ, ಮರಣವಾದರೆ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ಅನುಗುಣವಾದ ಒಂದು ಅಂಕಿಯಿಂದ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ವೇತನದ ಗರಿಷ್ಠ ಮಿತಿಯನ್ನು 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಲಾಯಿತು; ದಿನಗೂಲಿ ಗೌಂಡಿಯ ತಿಂಗಳ ದುಡಿಮೆ ಇಂದು ಇದಕ್ಕಿಂತ ಕಡಿಮೆಯಿರದು. ಸತ್ತವನ ವಯಸ್ಸು 35 ಆಗಿದ್ದರೆ ಆ ಅಂಕಿ 197.06. ಅಂದರೆ 7,500ನ್ನು 197.06ರಿಂದ ಗುಣಿಸಬೇಕು. ಬರುವ ಮೊತ್ತ 14,77,950 ರೂಪಾಯಿ. ಹೆಬ್ಬೆಟ್ಟಿಗೆ ಬದಲಾಗಿ ಸಿಕ್ಕುದು ಎರಡು ಲಕ್ಷ; ಸಲ್ಲಬೇಕಾದುದು ಸುಮಾರು ಹದಿನೈದು ಲಕ್ಷ. ಪರಿಹಾರವನ್ನು ಒಂದು ತಿಂಗಳ ಒಳಗೆ ಕೊಡದಿದ್ದರೆ ಅದರ ಮೇಲೆ ಶೇಕಡ 12ರ ಬಡ್ಡಿ. ತಡಕ್ಕೆ ತಕ್ಕ ಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡ.

ಸತ್ತವನ ಪರಿಹಾರವನ್ನು ಮಾಲೀಕನು ನೇರವಾಗಿ ಕುಟುಂಬದ ಕೈಗೆ ಕೊಡುವಂತಿಲ್ಲ, ಪರಿಹಾರ ಆಯುಕ್ತರಲ್ಲಿಯೇ ಠೇವಣಿ ಇಡಬೇಕು, ಕೈಗೆ ಕೊಟ್ಟ ಹಣವನ್ನು ಪರಿಹಾರವೆಂದು ಪರಿಗಣಿಸಲಾಗದು ಎಂದು ಅದೇ ಕಾಯ್ದೆಯ 8ನೇ ಕಲಂ ಹೇಳುತ್ತಿತ್ತು. ಮುಂಗಡವೆಂದು ಮೂರು ತಿಂಗಳ ವೇತನದಷ್ಟನ್ನು ಕೊಡಲು ಮಾತ್ರ ವಿನಾಯಿತಿ. ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಶೂನ್ಯವೆಂದು 17ನೇ ಕಲಂ ಹೇಳುತ್ತಿತ್ತು. ನೂರು ವರ್ಷಗಳ ಹಿಂದೆ ಬರೆದ ಈ ಎರಡು ಕಲಮುಗಳು ಹಳ್ಳಿಯ ರಾಜಿ ಪಂಚಾಯಿತಿಯನ್ನು ಕಣ್ಣಾರೆ ಕಂಡೇ ಬರೆದಂತಿವೆ. ಠೇವಣಿಯ ಈ ಪದ್ಧತಿಯನ್ನು ಹೊಸ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಜೊತೆಗೆ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆಗುವ ಅಪಘಾತಕ್ಕೂ ಕೆಲಸಕ್ಕೂ ಸಂಬಂಧವಿದೆಯೆಂದು ಸಿದ್ಧವಾದರೆ ಅದನ್ನೂ ಕೆಲಸದ ಅಪಘಾತವೆಂದೇ ಎಣಿಸಬೇಕೆಂದಿದೆ. ಟ್ರ್ಯಾಕ್ಟರು, ಟಂಟಂಗಳಲ್ಲಿ ಕಿಕ್ಕಿರಿದು ಕೆಲಸಕ್ಕೆ ಹೋಗುವ ನಮ್ಮ ಕೂಲಿಕಾರರಿಗೆ ಇದು ದೊಡ್ಡ ಮಾತು.

ಮಂಡಳಿಯ ಸಹಾಯಧನ ಬಂತೆಂದು ಈ ಪರಿಹಾರ ತಪ್ಪಿಹೋಗುವುದಿಲ್ಲ. ಮಂಡಳಿಯದು ಸುಂಕದ ನಿಧಿಯಿಂದ ಬರುವುದು, ಪರಿಹಾರ ಮಾಲೀಕನ ಸ್ವಂತ ಹೊಣೆ. ಸುಂಕದ ನಿಯಮಗಳನ್ನು ಬರೆದವರೇ ನಿರ್ಮಾಣ ವೆಚ್ಚದ ಲೆಕ್ಕದಿಂದ ಪರಿಹಾರದ ಹಣವನ್ನು ಹೊರಗಿಟ್ಟು, ಎರಡೂ ಬೇರೆಯೆಂದು ತೋರಿಸಿದ್ದಾರೆ. ಕಾರ್ಮಿಕನು ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಮಾತ್ರ ದಾರಿ ಬೇರೆ. ಆಗ ಅವಲಂಬಿತರ ಮಾಸಿಕ ಸೌಲಭ್ಯವನ್ನು ಇಎಸ್‌ಐ ನಿಗಮದಿಂದ ಪಡೆಯಬೇಕು. ಕಾರ್ಡೇ ಇಲ್ಲದ ಕಾರ್ಮಿಕನಿಗೂ ಮಾಲೀಕನ ಪರಿಹಾರ ಉಂಟೆಂಬುದನ್ನು ಮರೆಯಬಾರದು.

ಹಾಗಾದರೆ ಮಾಲೀಕನೆಂದರೆ ಯಾರು? ಮೇಸ್ತ್ರಿ ಬಡವ, ಅವನಲ್ಲಿ ಕೊಡಲು ಏನಿದೆ ಎಂಬ ಮಾತು ಬರುತ್ತದೆ. ತನ್ನ ಉದ್ದಿಮೆಯ ಭಾಗವಾದ ಕೆಲಸವನ್ನು ಒಳಗುತ್ತಿಗೆಗೆ ಕೊಟ್ಟ ದೊಡ್ಡ ಗುತ್ತಿಗೆದಾರ ಅಥವಾ ಬಿಲ್ಡರನೇ ಮೊದಲು ಕೊಡಬೇಕು, ಆಮೇಲೆ ಬೇಕಾದರೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಬಹುದು ಎಂಬುದು ಕಾನೂನು. ಸ್ವಂತ ಮನೆ ಕಟ್ಟಿಸುವ ಗೃಹಸ್ಥನ ಮೇಲೆ ಈ ಹೊಣೆ ಹೀಗೆಯೇ ಬೀಳದಿದ್ದರೂ, ಅವನಿಂದ ಕೆಲಸ ಹಿಡಿದ ಗುತ್ತಿಗೆದಾರ ತಪ್ಪಿಸಿಕೊಳ್ಳುವಂತಿಲ್ಲ. ಇಲ್ಲಿ ನಮ್ಮಂಥವರೂ ಕೇಳಿಸಿಕೊಳ್ಳಬೇಕಾದ ಮಾತೊಂದಿದೆ. ಮಠಗಳು, ವಿದ್ಯಾಸಂಸ್ಥೆಗಳು, ಸಹಕಾರಿ ಸಂಘಗಳು ಪ್ರಸಾದ ನಿಲಯ, ಕಲ್ಯಾಣ ಮಂಟಪ, ಶಾಲಾ ಕೊಠಡಿಗಳನ್ನು ಕಟ್ಟಿಸುತ್ತಲೇ ಇರುತ್ತವೆ. ಧರ್ಮಕಾರ್ಯವೆಂಬ ಹೆಸರು ಸುಂಕಕ್ಕೆ ವಿನಾಯಿತಿಯಲ್ಲ, 90 ದಿನದ ಪತ್ರಕ್ಕೆ ಸಹಿ ಹಾಕದಿರಲು ನೆಪವೂ ಅಲ್ಲ. ಗುತ್ತಿಗೆಯ ಕರಾರು ಬರೆಯುವಾಗಲೇ ಕೆಲಸಗಾರರ ಹಾಜರಿ ಪುಸ್ತಕ, ಅಪಘಾತ ವಿಮೆ, ದೃಢೀಕರಣ ಪತ್ರ ಈ ಮೂರನ್ನೂ ಷರತ್ತಾಗಿ ಸೇರಿಸುವಂತೆ ಇಂತಹ ಎಲ್ಲ ಸಂಸ್ಥೆಗಳ ಆಡಳಿತ ಮಂಡಳಿಗಳನ್ನು ನಾವು ಕೋರುತ್ತೇವೆ.

ಅಪಘಾತವಾದ ಮನೆಯವರು ತಿಳಿದಿರಬೇಕಾದ ಕೆಲವು ವಿಷಯಗಳನ್ನೂ ಹೇಳಿಬಿಡುತ್ತೇವೆ. ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಲೇಬೇಕು. ಜಾರಿ ಬಿದ್ದನೆಂದಷ್ಟೇ ಬರೆಸದೆ, ಯಾರ ಕಟ್ಟಡ, ಯಾರ ಕೆಲಸ, ಎಷ್ಟು ಹೊತ್ತಿಗೆ ಎಂಬುದನ್ನು ಅದರಲ್ಲಿ ಬರೆಸಬೇಕು. ಮರಣೋತ್ತರ ಪರೀಕ್ಷೆ ಬೇಡವೆನ್ನಬಾರದು. ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರ ಹೆಸರು, ಊರು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ತಿಂಗಳೊಪ್ಪತ್ತಿನಲ್ಲಿ ಅವರು ಪುಣೆಗೋ ಗೋವೆಗೋ ಹೊರಟುಹೋಗಿರುತ್ತಾರೆ. ಪರಿಹಾರದ ಅರ್ಜಿಗೆ ಎರಡು ವರ್ಷಗಳ ಕಾಲಮಿತಿಯಿದೆ. ಹೆಬ್ಬೆಟ್ಟು ಒತ್ತಿ ಎರಡು ಲಕ್ಷ ಪಡೆದವರೂ ಆ ಅವಧಿಯೊಳಗೆ ಅರ್ಜಿ ಹಾಕಬಹುದು. ವಕೀಲರ ಶುಲ್ಕಕ್ಕೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಶ್ರೀಮಂತಳೋ ಬಡವಳೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ. ಕಾನೂನು ನೆರವಿನ ಸಹಾಯವಾಣಿ 15100, ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

ದುಡಿಯಲು ಹೊರರಾಜ್ಯಕ್ಕೆ ಹೋಗುವ ಕಲಬುರಗಿ, ಯಾದಗಿರಿ, ವಿಜಯಪುರ ಸೀಮೆಯವರಿಗೆ, ತಾವು ಕೆಲಸ ಮಾಡುವ ರಾಜ್ಯದಲ್ಲಿಯೇ ನಿರ್ಮಾಣ ಸುಂಕದ ನಿಧಿಯ ಸೌಲಭ್ಯ ಪಡೆಯಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ. ಅಲ್ಲಿನ ಕಚೇರಿಗಳು ಇದನ್ನು ಎಷ್ಟರ ಮಟ್ಟಿಗೆ ಪಾಲಿಸುತ್ತವೆಂಬುದು ಮುಂದೆ ನೋಡಬೇಕಾದ ಸಂಗತಿ. ಊರು ಬಿಡುವ ಮುನ್ನ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕುಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಬೇಕು. ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವರಾಜ ಎಂದಿದ್ದರೆ ಈಗಲೇ ತಿದ್ದಿಸಬೇಕು. ಕಾರ್ಡಿನಲ್ಲಿ ನಾಮನಿರ್ದೇಶಿತರ ಹೆಸರು ಮದುವೆಗೆ ಮೊದಲು ಬರೆಸಿದ ಅಣ್ಣನದೇ ಉಳಿದಿದ್ದರೆ ಅದನ್ನೂ ಹೆಂಡತಿಯ ಹೆಸರಿಗೆ ಬದಲಿಸಿಕೊಂಡು ಹೋಗುವುದು ಲೇಸು.